ಶಿಕಾರಿಯ ತೋಟಾ ಆರಿಸಿದವರು ಯಾರು?

ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ, 1907ರ ಸುಮಾರಿಗೆ, ಬ್ರಿಟಿಷ್ ಸರ್ಕಾರ .450 ಇಂಚು ಅಳತೆಯ ರೈಫಲ್ ತೋಟಾಗಳನ್ನು ಭಾರತಕ್ಕೂ ಸುಡಾನಿಗೂ ತರಕೂಡದೆಂದು ಕಟ್ಟಪ್ಪಣೆ ಮಾಡಿತು. ಆನೆ, ಕಾಟಿ, ಹುಲಿಗಳ ಬೇಟೆಗೆ ಆ ಹೊತ್ತಿನಲ್ಲಿ ಅದಕ್ಕಿಂತ ಭರವಸೆಯ ತೋಟಾ ಸಿಗುವುದು ಕಷ್ಟವಿತ್ತು. ಲಂಡನ್ನಿನ ಜಾನ್ ರಿಗ್ಬಿ ಕಂಪನಿ 1898ರಲ್ಲಿ ಹೊರತಂದ .450 ನೈಟ್ರೋ ಎಕ್ಸ್‌ಪ್ರೆಸ್ ತೋಟಾ 480 ಗ್ರೇನ್ ತೂಕದ, ಅಂದರೆ ಸುಮಾರು 31 ಗ್ರಾಮಿನ ಗುಂಡನ್ನು ಸೆಕೆಂಡಿಗೆ 2,150 ಅಡಿ ವೇಗದಲ್ಲಿ ಕಳಿಸುತ್ತಿತ್ತು. ಶಿಕಾರಿಯ ಹುಚ್ಚಿದ್ದ ಬಿಳಿಯ ಅಧಿಕಾರಿಗಳೂ ರಾಜಮಹಾರಾಜರೂ ಕೆಲವೇ ವರ್ಷಗಳಲ್ಲಿ ಅದಕ್ಕೆ ಒಗ್ಗಿಹೋಗಿದ್ದರು. ನಿಷೇಧ ಬಂದದ್ದು ಆ ತೋಟಾದಲ್ಲಿ ಏನೋ ದೋಷ ಕಂಡಿತೆಂದಲ್ಲ; ಕಾಡುಪ್ರಾಣಿಗಳ ಮೇಲೆ ಸರ್ಕಾರಕ್ಕೆ ಕರುಣೆ ಹುಟ್ಟಿತೆಂದಂತೂ ಅಲ್ಲವೇ ಅಲ್ಲ. ಸೈನ್ಯದ ಹಳೆಯ ಮಾರ್ಟಿನಿ-ಹೆನ್ರಿ ಕೋವಿಯ ನಳಿಗೆಯ ಅಳತೆಯೂ .450 ಆಗಿತ್ತು. ಕಾರಣ ಅಷ್ಟೇ.

ಮಾರ್ಟಿನಿ-ಹೆನ್ರಿ 1871ರಲ್ಲಿ ಬ್ರಿಟಿಷ್ ಸೈನ್ಯಕ್ಕೆ ಬಂದ ಒಂಟಿ ಈಡಿನ ಕೋವಿ. ಅದರ ತೋಟಾ ನೋಡಲು ವಿಚಿತ್ರ: ತೆಳು ಹಿತ್ತಾಳೆ ತಗಡನ್ನು ಸುತ್ತಿ ಮಾಡಿದ ದಪ್ಪ ಕೊಳವೆ, ಮೇಲಕ್ಕೆ ಹೋಗುತ್ತ ಭುಜ ಇಳಿದು ಸಪೂರಾಗುವ ಕುತ್ತಿಗೆ, ಒಳಗೆ 85 ಗ್ರೇನ್ ಕರಿಮದ್ದು, ತುದಿಯಲ್ಲಿ ಕಾಗದ ಸುತ್ತಿದ 480 ಗ್ರೇನಿನ ಸೀಸದ ಗುಂಡು. ಸೈನ್ಯ ಈ ಕೋವಿಯನ್ನು ಬಿಟ್ಟು .303ಕ್ಕೆ ಹೋದ ಮೇಲೂ ಕದ್ದ, ಕಿತ್ತುಕೊಂಡ, ಕೈಯಿಂದ ಕೈಗೆ ಮಾರಿಹೋದ ಮಾರ್ಟಿನಿಗಳು ವಾಯವ್ಯ ಗಡಿಯ ಪಠಾಣರ ಬಳಿ ಬೇಕಾದಷ್ಟಿದ್ದವು. ದರ್ರಾ ಆದಮ್ ಖೇಲಿನ ಕಮ್ಮಾರರು ಅವುಗಳ ನಕಲು ಮಾಡುವುದರಲ್ಲಿ ಪಳಗಿದ್ದರು. ಸುಡಾನಿನಲ್ಲಿ ಮಹದಿಯ ದಂಗೆಯನ್ನು ಅಡಗಿಸಿ ಇನ್ನೂ ಹತ್ತು ವರ್ಷ ಆಗಿರಲಿಲ್ಲ. ರಿಗ್ಬಿಯ ಉದ್ದನೆಯ ಶಿಕಾರಿ ತೋಟಾ ಮಾರ್ಟಿನಿಯ ಗೂಡಿನಲ್ಲಿ ಕೂರುವುದಿಲ್ಲ ಎನ್ನುವುದು ಅಧಿಕಾರಿಗಳಿಗೂ ಗೊತ್ತಿತ್ತು. ಆದರೆ ಗುಂಡನ್ನು ಕಿತ್ತು, ಮದ್ದನ್ನು ಸುರಿದುಕೊಂಡು, ಹಳೆಯ ಮಾರ್ಟಿನಿ ಕೊಳವೆಗೆ ಮತ್ತೆ ತುಂಬಬಹುದಲ್ಲ ಎಂಬ ಗುಮಾನಿ ಅವರನ್ನು ಬಿಡಲಿಲ್ಲ. ಹೀಗೆ ಪೇಶಾವರದ ಭಯಕ್ಕಾಗಿ ನೀಲಗಿರಿಯಲ್ಲಿ, ಮೈಸೂರಿನಲ್ಲಿ, ಅಸ್ಸಾಮಿನಲ್ಲಿ ಬೇಟೆಯಾಡುವವರ ರೈಫಲಿಗೆ ತೋಟಾ ಇಲ್ಲದಂತಾಯಿತು.

ಮುಂದೆ ನಡೆದದ್ದು ಬಂದೂಕು ವ್ಯಾಪಾರದ ಚರಿತ್ರೆಯಲ್ಲೇ ಒಂದು ತಮಾಷೆಯ ಅಧ್ಯಾಯ. ಭಾರತದ ಗಿರಾಕಿಗಳನ್ನು ಕಳೆದುಕೊಂಡರೆ ಇಂಗ್ಲೆಂಡಿನ ಜೋಡುನಳಿಗೆ ರೈಫಲ್ ತಯಾರಕರಿಗೆ ಉಳಿಗಾಲವಿರಲಿಲ್ಲ. ಎಲ್ಲರೂ ಗಡಿಬಿಡಿಯಲ್ಲಿ .450ರ ಪಕ್ಕದ ಅಳತೆಗಳನ್ನು ಹುಡುಕತೊಡಗಿದರು. ಹಾಲೆಂಡ್ ಅಂಡ್ ಹಾಲೆಂಡ್ .465 ತಂದಿತು. ವೆಸ್ಟ್ಲಿ ರಿಚರ್ಡ್ಸ್ .476 ತಂದಿತು. ಜೋಸೆಫ್ ಲ್ಯಾಂಗ್ ಕಂಪನಿ .470 ತಂದಿತು. ಇವು ಸಾಲದೆಂಬಂತೆ .475 ಒಂದು, .475 ನಂಬರ್ 2 ಇನ್ನೊಂದು. ಈಗ ಅವುಗಳ ಲೆಕ್ಕ ನೋಡಿ. .465ರ ಗುಂಡು 480 ಗ್ರೇನ್, ವೇಗ 2,150 ಅಡಿ. .470ರ ಗುಂಡು 500 ಗ್ರೇನ್, ವೇಗ ಅದೇ 2,150 ಅಡಿ. .476ರ ಗುಂಡು 520 ಗ್ರೇನ್, ವೇಗ 2,100 ಅಡಿ. .475 ನಂಬರ್ 2 ಕ್ಕೆ 480 ಗ್ರೇನ್, 2,200 ಅಡಿ. ಹೆಸರು ಬೇರೆ, ಡಬ್ಬಿ ಬೇರೆ, ಬೆಲೆ ಬೇರೆ. ಹೊಡೆತ ಮಾತ್ರ ನಿಷೇಧವಾದ .450ಯದೇ. ಯಾವ ಆನೆಗೂ ಯಾವ ಕಾಟಿಗೂ ಇವುಗಳ ನಡುವಿನ ಅಂತರ ಗೊತ್ತಾಗುವಂತಿರಲಿಲ್ಲ. ಅಂದರೆ ಶಿಕಾರಿ ಲೋಕ ಅಷ್ಟು ದೊಡ್ಡ ಸಂಖ್ಯೆಯಲ್ಲಿ ‘ಹೊಸ’ ತೋಟಾಗಳನ್ನು ಕಂಡ ಆ ಕಾಲದಲ್ಲಿ ಬೇಟೆಯ ಮಟ್ಟಿಗೆ ಹೊಸದೆಂಬುದು ಏನೂ ನಡೆದಿರಲಿಲ್ಲ.

ಇಲ್ಲಿಂದಲೇ ನನ್ನ ವಾದ ಶುರುವಾಗುತ್ತದೆ. ಹೊಸ ತೋಟಾ ಒಳ್ಳೆಯದೋ ಹಳೆಯದೋ ಎಂಬ ಚರ್ಚೆ ಬೇಟೆಗಾರರ ನಡುವೆ ನೂರು ವರ್ಷದಿಂದ ನಡೆದೇ ಇದೆ. ಈ ಚರ್ಚೆಯಲ್ಲಿ ಎರಡೂ ಕಡೆಯವರು ಮಾತಾಡುವುದು ಗುಂಡಿನ ತೂಕ, ವೇಗ, ದೂರಗಳ ಲೆಕ್ಕದಲ್ಲಿ. ಆದರೆ ಚರಿತ್ರೆಯನ್ನು ಬಿಡಿಸಿ ನೋಡಿದರೆ ತೋಟಾಗಳು ಹುಟ್ಟಿದ್ದೂ ಸತ್ತದ್ದೂ ಆ ಲೆಕ್ಕದಿಂದಲ್ಲ. ಕಾನೂನು, ಸೈನ್ಯದ ಗುತ್ತಿಗೆ, ಕಂಪನಿಯ ಹಠ, ಅಂಗಡಿಯ ದಾಸ್ತಾನು, ಇವೇ ಹುಟ್ಟಿಸಿದವು, ಇವೇ ಕೊಂದವು. ಹಾಗಾಗಿ ಹಳೆಯ ತೋಟಾದ ದೊಡ್ಡ ಗುಣ ಅದು ಹಳೆಯದೆಂಬುದಲ್ಲ. ಅದು ಯಾರೊಬ್ಬರ ಸೊತ್ತೂ ಅಲ್ಲದೆ ಹಲವರ ಕೈಯಲ್ಲಿ ತಯಾರಾಗುತ್ತದೆ ಎಂಬುದು. ಹೊಸದನ್ನು ಅಳೆಯಬೇಕಾದದ್ದೂ ಇದೇ ಅಳತೆಗೋಲಿನಿಂದ. ನಿಷೇಧದ ಬೆನ್ನಿಗೆ ಬಂದ ಆ ಐದಾರು ತೋಟಾಗಳ ಗತಿಯೇ ಇದಕ್ಕೆ ಸಾಕ್ಷಿ. .465 ಹಾಲೆಂಡಿನವರ ಸ್ವಂತ ಸೊತ್ತಾಗಿ ಉಳಿಯಿತು, .476 ವೆಸ್ಟ್ಲಿ ರಿಚರ್ಡ್ಸ್‌ನವರದಾಗಿ ಉಳಿಯಿತು. ಲ್ಯಾಂಗ್ ಮಾತ್ರ ತನ್ನ .470 ಅನ್ನು ವ್ಯಾಪಾರಕ್ಕೆ ತೆರೆದಿಟ್ಟಿತು. ಯಾವ ತಯಾರಕ ಬೇಕಾದರೂ ಅದಕ್ಕೆ ರೈಫಲ್ ಕಟ್ಟಬಹುದಿತ್ತು. ಸಣ್ಣ ಸಣ್ಣ ಬಂದೂಕು ಮನೆಗಳೆಲ್ಲ ಅದನ್ನೇ ಹಿಡಿದವು. ಬ್ರಿಟನ್ನಿನ ಕೈನಾಕ್ ಕಾರ್ಖಾನೆ ಎರಡನೆಯ ಮಹಾಯುದ್ಧದ ನಂತರದ ದಶಕಗಳಲ್ಲಿ ಇಂಥ ದೊಡ್ಡ ತೋಟಾಗಳನ್ನು ಒಂದೊಂದಾಗಿ ಕೈಬಿಟ್ಟಾಗ ಎಲ್ಲವೂ ಒಟ್ಟಿಗೇ ಬಡವಾದವು. ಆದರೆ 1980ರ ದಶಕದ ಕೊನೆಗೆ ಅಮೆರಿಕದ ಫೆಡರಲ್ ಕಂಪನಿ ಮತ್ತೆ ಒಂದನ್ನು ತಯಾರಿಸಲು ಹೊರಟಾಗ ಆರಿಸಿಕೊಂಡದ್ದು .470. ಜಗತ್ತಿನಲ್ಲಿ ಹೆಚ್ಚು ರೈಫಲುಗಳು ಉಳಿದಿದ್ದದ್ದು ಅದಕ್ಕೇ. ಇಂದು ಆಫ್ರಿಕಾಕ್ಕೆ ಜೋಡುನಳಿಗೆ ಹೊತ್ತು ಹೋಗುವವರಲ್ಲಿ ಬಹುಪಾಲು ಜನರ ಆಯ್ಕೆ ಅದೇ.

ಇದಕ್ಕೆ ಮೊದಲ ಆಕ್ಷೇಪ ಸುಲಭವಾಗಿ ಬರುತ್ತದೆ, ಮತ್ತು ಅದು ನ್ಯಾಯವಾದ ಆಕ್ಷೇಪ. ಕರಿಮದ್ದಿನಿಂದ ಹೊಗೆಯಿಲ್ಲದ ಮದ್ದಿಗೆ ಬಂದದ್ದು ನಿಜವಾದ ಜಿಗಿತವಲ್ಲವೇ? ಖಂಡಿತ ಹೌದು. ಫ್ರಾನ್ಸಿನ ಪಾಲ್ ವಿಯೆ 1884ರಲ್ಲಿ ಹೊಗೆಯಿಲ್ಲದ ಮದ್ದು ಕಂಡುಹಿಡಿದ. ಎರಡೇ ವರ್ಷದಲ್ಲಿ ಲೆಬೆಲ್ ಕೋವಿ ಅದನ್ನು ಸೈನ್ಯಕ್ಕೆ ತಂದಿತು. 1889ರಲ್ಲಿ ಬ್ರಿಟನ್ನಿನ ಏಬಲ್ ಮತ್ತು ಡ್ಯೂವರ್ ಕಾರ್ಡೈಟ್ ಮಾಡಿದರು. ಅದಕ್ಕೆ ಮೊದಲು ಆನೆ ಹೊಡೆಯುವವನು 8 ಬೋರ್, 4 ಬೋರ್ ಎಂಬ ಒನಕೆಯಂಥ ಕೋವಿಗಳನ್ನು ಹೊರಬೇಕಿತ್ತು. ಈಡು ಹಾರಿದೊಡನೆ ಹೊಗೆಯ ಮೋಡದಲ್ಲಿ ಮುಂದಿನದೇನೂ ಕಾಣುತ್ತಿರಲಿಲ್ಲ. ಗಾಯಗೊಂಡ ಪ್ರಾಣಿ ಹೊಗೆಯ ಆಚೆಯಿಂದ ಬರುತ್ತಿದೆಯೋ ಓಡುತ್ತಿದೆಯೋ ತಿಳಿಯದೆ ಎಷ್ಟೋ ಜನ ಸತ್ತಿದ್ದಾರೆ. ರಿಗ್ಬಿಯ .450 ಈ ತೊಂದರೆಯನ್ನು ಒಂದೇ ಏಟಿಗೆ ನಿವಾರಿಸಿತು. ಅಂಥ ಹೊಸತನವನ್ನು ಹಳೆಯದರ ಮೇಲಿನ ಪ್ರೀತಿಯಿಂದ ದೂರ ತಳ್ಳಿದವನು ಮೂರ್ಖ. ಆದರೆ ಗಮನಿಸಬೇಕಾದದ್ದು ಇಷ್ಟು: ಆ ಜಿಗಿತ ಮುಗಿದದ್ದು 1886ರಿಂದ 1898ರ ಒಳಗೆ, ಹನ್ನೆರಡು ವರ್ಷದಲ್ಲಿ. ಅದಾದ ಮೇಲೆ ಬಂದ ನೂರಾರು ಹೆಸರುಗಳು ಅದೇ ಹಿತ್ತಾಳೆ, ಅದೇ ಬಗೆಯ ಮದ್ದು, ಅದೇ ತಾಮ್ರದ ಹೊದಿಕೆಯ ಗುಂಡುಗಳನ್ನು ಆಚೀಚೆ ಜೋಡಿಸಿದವು. ಮೊದಲ ಜಿಗಿತದ ಪುಣ್ಯವನ್ನು ಆಮೇಲಿನ ಪ್ರತಿಯೊಂದು ಹೊಸ ಡಬ್ಬಿಯೂ ತನ್ನದೆಂದು ಹೇಳಿಕೊಂಡಿತು.

ಹಾಗೆ ಹೇಳಿಕೊಂಡದ್ದರ ಬೆಲೆ ಎಷ್ಟಾಗಬಹುದು ಎಂಬುದಕ್ಕೆ .280 ರಾಸ್ ಉದಾಹರಣೆ. ಸರ್ ಚಾರ್ಲ್ಸ್ ರಾಸ್ 1907ರ ಹೊತ್ತಿಗೆ ಸಿದ್ಧಗೊಳಿಸಿದ ಈ ತೋಟಾ ಹಗುರ ಗುಂಡನ್ನು ಸೆಕೆಂಡಿಗೆ ಸುಮಾರು 3,000 ಅಡಿ ವೇಗದಲ್ಲಿ ಕಳಿಸುತ್ತಿತ್ತು. ಶಿಕಾರಿ ಲೋಕ ಅಂಥ ವೇಗವನ್ನು ಅದುವರೆಗೆ ಕಂಡಿರಲಿಲ್ಲ. ದೂರದ ಜಿಂಕೆಗೆ, ಗುರಿ ಪಂದ್ಯಕ್ಕೆ ಅದು ನಿಜಕ್ಕೂ ಅದ್ಭುತವಾಗಿತ್ತು. ವೇಗವೇ ಶಕ್ತಿ ಎಂದು ನಂಬಿದ ಕೆಲವರು ಅದನ್ನು ಆಫ್ರಿಕಾದ ಸಿಂಹದ ಮುಂದೆಯೂ ಹಿಡಿದರು. ಅವರಲ್ಲಿ ಬ್ರಿಟನ್ನಿನ ವಿದೇಶಾಂಗ ಸಚಿವ ಎಡ್ವರ್ಡ್ ಗ್ರೇಯ ತಮ್ಮ ಜಾರ್ಜ್ ಗ್ರೇಯೂ ಒಬ್ಬ. 1911ರಲ್ಲಿ ನೈರೋಬಿಯ ಹತ್ತಿರದ ಬಯಲಿನಲ್ಲಿ ಮೇಲೆರಗಿ ಬಂದ ಸಿಂಹಕ್ಕೆ ಅವನು .280ಯಿಂದ ಹೊಡೆದ, ಗುಂಡು ತಾಗಿದರೂ ಸಿಂಹ ನಿಲ್ಲಲಿಲ್ಲ. ಗಾಯಗಳಿಂದ ಕೆಲವೇ ದಿನಗಳಲ್ಲಿ ಅವನು ತೀರಿಕೊಂಡ. ಹಗುರ ಗುಂಡು ಅಷ್ಟು ವೇಗದಲ್ಲಿ ಮಾಂಸಖಂಡಕ್ಕೆ ಬಡಿದಾಗ ಮೇಲೆಮೇಲೆಯೇ ಒಡೆದು ಚೂರಾಗುತ್ತದೆ, ಆಳಕ್ಕೆ ಇಳಿಯುವುದಿಲ್ಲ ಎಂಬ ಪಾಠ ಬೇಟೆಗಾರರಿಗೆ ಹೀಗೆ ತಿಳಿಯಿತು. ತಪ್ಪು ತೋಟಾದ್ದಲ್ಲ, ಗುಂಡಿನದು. ಗಟ್ಟಿ ಗುಂಡು ಹಾಕಿದ್ದರೆ ಸರಿಹೋಗುತ್ತಿತ್ತು ಎಂದು ರಾಸ್ ಪರವಾಗಿ ವಾದಿಸುವವರಿದ್ದಾರೆ. ಒಪ್ಪೋಣ. ಆದರೆ ಯಾವ ಗುಂಡು ಯಾವ ವೇಗದಲ್ಲಿ ಏನಾಗುತ್ತದೆ ಎಂಬುದು ಕಾರ್ಖಾನೆಯ ಕೋಷ್ಟಕದಲ್ಲಿ ಬರೆದಿರುವುದಿಲ್ಲ. ಹತ್ತು ಹದಿನೈದು ವರ್ಷ ಹತ್ತಾರು ಕಾಡುಗಳಲ್ಲಿ ನೂರಾರು ಜನ ಹೊಡೆದ ಮೇಲೆ ಬರುವ ತಿಳಿವಳಿಕೆ ಅದು. ಹಳೆಯ ತೋಟಾದ ಜೊತೆ ಈ ತಿಳಿವಳಿಕೆ ಪುಕ್ಕಟೆಯಾಗಿ ಬರುತ್ತದೆ. ಹೊಸದರ ಜೊತೆ ಅದನ್ನು ಮೊದಲ ಗಿರಾಕಿಗಳು ತಮ್ಮ ಖರ್ಚಿನಲ್ಲಿ ಸಂಪಾದಿಸಬೇಕು.

ಹೊಸದೆಂದು ಮಾರಾಟವಾದದ್ದು ಎಷ್ಟೋ ಬಾರಿ ಹೆಸರು ಬದಲಿಸಿದ ಹಳೆಯದೇ ಆಗಿತ್ತು ಎಂಬುದನ್ನೂ ಮರೆಯಬಾರದು. ಪೂರ್ಣಚಂದ್ರ ತೇಜಸ್ವಿಯವರ ‘ರುದ್ರಪ್ರಯಾಗದ ಭಯಾನಕ ನರಭಕ್ಷಕ’ ಓದಿದ ಕನ್ನಡಿಗರಿಗೆ ಜಿಮ್ ಕಾರ್ಬೆಟ್ ಪರಿಚಿತ. ಚಂಪಾವತ್‌ನ ನರಭಕ್ಷಕ ಹೆಣ್ಣುಹುಲಿಯನ್ನು 1907ರಲ್ಲಿ ಕೊಂದದ್ದಕ್ಕಾಗಿ ಸಂಯುಕ್ತ ಪ್ರಾಂತದ ಲೆಫ್ಟಿನೆಂಟ್ ಗವರ್ನರ್ ಸರ್ ಜಾನ್ ಹ್ಯೂವೆಟ್ ಅವನಿಗೆ ಕೊಟ್ಟ ಬಹುಮಾನ ರಿಗ್ಬಿಯ .275 ರೈಫಲ್. ಆ .275 ಎಂಬುದು ಜರ್ಮನಿಯ ಮೌಸರ್ ಕಂಪನಿಯ 7×57 ಮಿ.ಮೀ. ತೋಟಾವೇ, 1890ರ ದಶಕದ ಆರಂಭದ್ದು, ಬೋಯರ್ ಯುದ್ಧದಲ್ಲಿ ಬ್ರಿಟಿಷ್ ಸೈನಿಕರನ್ನೇ ಉರುಳಿಸಿದ್ದು. ರಿಗ್ಬಿಯವರು ಅದಕ್ಕೆ 140 ಗ್ರೇನಿನ ಹಗುರ ಗುಂಡು ಹಾಕಿ, ಮಿಲಿಮೀಟರಿನ ಜಾಗಕ್ಕೆ ಇಂಚಿನ ಲೆಕ್ಕ ಬರೆದು ಇಂಗ್ಲಿಷರ ಮನಸ್ಸಿಗೆ ಹಿಡಿಯುವಂತೆ ಮಾಡಿದರು. ಅದೇ 7 ಮಿ.ಮೀ. ತೋಟಾದಲ್ಲಿ ಡಬ್ಲ್ಯು.ಡಿ.ಎಂ. ಬೆಲ್ ಆಫ್ರಿಕಾದಲ್ಲಿ ನೂರಾರು ಆನೆಗಳನ್ನು ಕೊಂದ. ಸಣ್ಣ ತೋಟಾದ ಅಭಿಮಾನಿಗಳು ಬೆಲ್‌ನನ್ನು ಇಂದಿಗೂ ಸಾಕ್ಷಿಗೆ ಕರೆಯುತ್ತಾರೆ. ಆನೆಯ ತಲೆಬುರುಡೆಯಲ್ಲಿ ಮಿದುಳು ಎಲ್ಲಿದೆ ಎಂದು ಕೊಯ್ದು ನೋಡಿ ಕಲಿತವನ ಕೈಯಲ್ಲಿ ಆ ತೋಟಾ ಸಾಕಾಯಿತು ಎಂಬುದಷ್ಟೇ ಅದರಿಂದ ಸಿದ್ಧವಾಗುತ್ತದೆ. ಕಾರ್ಬೆಟ್ ಅಂತೂ ಈ ವಿಷಯದಲ್ಲಿ ಯಾವ ಪಂಥಕ್ಕೂ ಸೇರಿದವನಲ್ಲ, ಹಗುರ .275 ಅನ್ನೂ ಭಾರದ .450/400 ಜೋಡುನಳಿಗೆಯನ್ನೂ ಸಮಯ ನೋಡಿ ಹಿಡಿದ. ಚಂಪಾವತ್‌ನಲ್ಲಿ ಅವನು ಒಯ್ದದ್ದು ಮೂರೇ ತೋಟಾ. ಮೂರೂ ಮುಗಿದಾಗ ತಹಶೀಲ್ದಾರರ ಹಳೆಯ ಕೋವಿ ಇಸಿದುಕೊಂಡು ಕೊನೆಯ ಈಡು ಹೊಡೆಯಬೇಕಾಯಿತು. ನಾಲ್ಕುನೂರಕ್ಕೂ ಹೆಚ್ಚು ಜನರನ್ನು ತಿಂದಿತ್ತೆನ್ನಲಾದ ಹುಲಿಯ ಮುಂದೆ ನಿಂತಾಗ ಕೈಗೆ ಸಿಕ್ಕ ಕೋವಿಯೇ ಒಳ್ಳೆಯ ಕೋವಿ.

ಒಂದೇ ಕಂಪನಿಯ ಮರ್ಜಿಗೆ ಬಿದ್ದ ತೋಟಾದ ಕಥೆ ಬೆಂಗಳೂರಿಗೂ ಸಂಬಂಧಿಸಿದ್ದು. ‘ಕಾಡಿನ ಕಥೆಗಳು’ ಮಾಲೆಯಲ್ಲಿ ತೇಜಸ್ವಿಯವರು ಕನ್ನಡಕ್ಕೆ ತಂದ ಬೆಂಗಳೂರಿನ ಬೇಟೆಗಾರ ಕೆನೆತ್ ಆಂಡರ್ಸನ್ ಕೈಯಲ್ಲಿ ಸದಾ ಇರುತ್ತಿದ್ದದ್ದು .405 ವಿಂಚೆಸ್ಟರ್. 1904ರಲ್ಲಿ ಬಂದ ಈ ಅಮೆರಿಕನ್ ತೋಟಾ 300 ಗ್ರೇನಿನ ಗುಂಡನ್ನು 2,200 ಅಡಿ ವೇಗದಲ್ಲಿ ಹೊಡೆಯುತ್ತಿತ್ತು. 1909ರ ಆಫ್ರಿಕಾ ಯಾತ್ರೆಗೆ ಥಿಯೋಡರ್ ರೂಸ್ವೆಲ್ಟ್ ಅದನ್ನು ಒಯ್ದು ಸಿಂಹಗಳಿಗೆ ಅದೇ ತಕ್ಕ ಮದ್ದೆಂದು ಹೊಗಳಿದ ಮೇಲೆ ಅದಕ್ಕೆ ಜಗತ್ತಿನಲ್ಲೆಲ್ಲ ಹೆಸರಾಯಿತು. ಹುಲಿ ಚಿರತೆಗಳಿಗೆ, ಐವತ್ತು ಅರವತ್ತು ಗಜದ ದೂರಕ್ಕೆ, ನಮ್ಮ ಕುರುಚಲು ಕಾಡುಗಳಿಗೆ ಅದು ಹೇಳಿಮಾಡಿಸಿದಂತಿತ್ತು. ಆದರೆ ಅದನ್ನು ಹಾರಿಸುವ 1895ರ ಮಾದರಿಯ ರೈಫಲನ್ನು ವಿಂಚೆಸ್ಟರ್ 1930ರ ದಶಕದಲ್ಲಿ ನಿಲ್ಲಿಸಿಬಿಟ್ಟಿತು; 1950ರ ದಶಕದ ನಡುವೆ ಅಮೆರಿಕದಲ್ಲಿ ತೋಟಾ ತಯಾರಿಕೆಯೂ ನಿಂತಿತು. ಆಂಡರ್ಸನ್‌ನ ಮೊದಲ ಪುಸ್ತಕ 1954ರಲ್ಲಿ ಪ್ರಕಟವಾದಾಗ, ಆ ಪುಸ್ತಕದ ನಾಯಕನಷ್ಟೇ ಹೆಸರಾದ ರೈಫಲಿನ ವಂಶ ಅಳಿಯುತ್ತಿತ್ತು. ಅದೇ ಹೊತ್ತಿನಲ್ಲಿ .405ಕ್ಕಿಂತ ಎರಡೇ ವರ್ಷ ಕಿರಿಯದಾದ .30-06, ಅಮೆರಿಕದ ಸೈನ್ಯದ ತೋಟಾ, ಎರಡು ಮಹಾಯುದ್ಧಗಳ ಬಲದಿಂದ ಊರೂರಿನ ಅಂಗಡಿಯಲ್ಲಿ ಸಿಗುತ್ತಿತ್ತು. ಹತ್ತಿರದ ಹುಲಿಯ ಬೇಟೆಗೆ .405 ಕಡಿಮೆಯೇನಲ್ಲ. ಅದರ ಹಿಂದೆ ಸೈನ್ಯವಿರಲಿಲ್ಲ, ಅಷ್ಟೇ.

ಭಾರತದ ಮಟ್ಟಿಗೆ ಈ ವಾದದ ಅತ್ಯಂತ ಗಟ್ಟಿಯಾದ ಪುರಾವೆ .315. ಬ್ರಿಟಿಷ್ ಭಾರತದಲ್ಲಿ ಸೈನ್ಯದ .303 ತೋಟಾ ಜನಸಾಮಾನ್ಯರ ಕೈಗೆ ಸಿಗಕೂಡದೆಂಬ ನಿಯಮದಿಂದಾಗಿ ಇಂಗ್ಲೆಂಡಿನ ಬಿ.ಎಸ್.ಎ. ಕಂಪನಿ ತನ್ನ ರೈಫಲನ್ನು ಇಲ್ಲಿ ಮಾರಲು ಬೇರೆ ತೋಟಾ ಹುಡುಕಬೇಕಾಯಿತು. ಅದು ಆರಿಸಿಕೊಂಡದ್ದು ಆಸ್ಟ್ರಿಯಾ-ಹಂಗೆರಿ ಸೈನ್ಯದ 8×50ಆರ್ ಮಾನ್ಲಿಕರ್, 1890ರ ಸುಮಾರಿನದು. ತಳದಲ್ಲಿ ಅಂಚಿರುವ ದಪ್ಪ ಕೊಳವೆ, ಮೊಂಡು ಮೂತಿಯ 244 ಗ್ರೇನಿನ ಗುಂಡು. ಹ್ಯಾಪ್ಸ್‌ಬರ್ಗ್ ಸಾಮ್ರಾಜ್ಯ 1918ರಲ್ಲಿ ಮಣ್ಣುಮುಕ್ಕಿತು. ಆಸ್ಟ್ರಿಯದ ಸೈನ್ಯವೇ 1930ರ ದಶಕದಲ್ಲಿ ಆ ತೋಟಾವನ್ನು ಬಿಟ್ಟು ಬೇರೆಯದಕ್ಕೆ ಹೋಯಿತು. ಭಾರತದಲ್ಲಿ ಮಾತ್ರ ಅದು .315 ಎಂಬ ಹೆಸರಿನಲ್ಲಿ ಬದುಕಿ ಉಳಿಯಿತು. ಸ್ವಾತಂತ್ರ್ಯದ ನಂತರ ಇಷಾಪುರದ ರೈಫಲ್ ಕಾರ್ಖಾನೆ ಅದಕ್ಕೆ ರೈಫಲ್ ಮಾಡಿತು, ಸರ್ಕಾರಿ ಕಾರ್ಖಾನೆಗಳೇ ತೋಟಾ ಮಾಡಿದವು. ವಿದೇಶಿ ತೋಟಾಗಳ ಆಮದು ಬಿಗಿಯಾದಂತೆ ಅರಮನೆಗಳ .470, .465 ಜೋಡುನಳಿಗೆಗಳು ಗಾಜಿನ ಬೀರು ಸೇರಿದವು. ಬೆಳೆ ಕಾಯುವ ಜಮೀನ್ದಾರನ ಹೆಗಲಲ್ಲಿ .315 ಉಳಿಯಿತು. ಬ್ಯಾಲಿಸ್ಟಿಕ್ಸ್ ಓದಿದ ಯಾವನೂ ಹೊಸದಾಗಿ ಕೂತು ಆರಿಸಲಾರದ ತೋಟಾ ಅದು. ಆದರೂ ಪರವಾನಗಿ ಪಡೆದ ಭಾರತೀಯನ ಪಾಲಿಗೆ ರೈಫಲ್ ಎಂದರೆ ಬಹುಕಾಲ ಅದೇ ಆಗಿತ್ತು. ಏಕೆಂದರೆ ಸಿಗುತ್ತಿದ್ದದ್ದು ಅದೊಂದೇ.

ಇಷ್ಟೆಲ್ಲ ರೈಫಲಿನ ಮಾತಾಡುವಾಗ ಒಂದು ಸಂಗತಿಯನ್ನು ಬದಿಗಾದರೂ ಹೇಳಬೇಕು. ಮಲೆನಾಡಿನ, ಕೊಡಗಿನ ಬೇಟೆಯಲ್ಲಿ ರೈಫಲಿನ ಪಾಲು ತೀರ ಕಡಿಮೆಯಿತ್ತು. ಮುಂದಿನಿಂದ ಮದ್ದು ಗಿಡಿಯುವ ಕೇಪಿನ ಕೋವಿಯೋ 12 ಬೋರಿನ ತೋಟಾಕೋವಿಯೋ ಎಂಬುದೇ ಇಲ್ಲಿಯವರ ಮುಂದಿದ್ದ ಆಯ್ಕೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 1861ರಿಂದ ಬಂದ ಪರವಾನಗಿ ವಿನಾಯಿತಿ ಇಂದಿಗೂ ಮುಂದುವರಿದಿದೆ. ಕೈಲ್ ಪೊಳ್ದ್ ಹಬ್ಬದ ದಿನ ಅಲ್ಲಿ ಪೂಜೆಗೊಳ್ಳುವ ಕೋವಿಗಳಲ್ಲಿ ಹೆಚ್ಚಿನವು 12 ಬೋರಿನವು. ಹಂದಿಗೆ ಎಲ್‌ಜಿ ಎಂಬ ದಪ್ಪ ಚರೆ, ಕಾಡುಕೋಳಿಗೆ ಸಣ್ಣ ಚರೆ ಎಂದು ಒಂದೇ ನಳಿಗೆಗೆ ಬೇರೆ ಬೇರೆ ತೋಟಾ ಹಾಕಿ ಎಲ್ಲ ಕೆಲಸವನ್ನೂ ಅದರಲ್ಲೇ ನಡೆಸಿದರು. 12 ಬೋರಿನ ಅಳತೆ ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಬದಲಾಗಿಲ್ಲ. ಲಂಡನ್ನಿನ ದುಬಾರಿ ಕೋವಿಗೂ ಹಳ್ಳಿಯ ಒಂಟಿನಳಿಗೆಗೂ ಖಡ್ಕಿಯ ಕಾರ್ಖಾನೆಯ ತೋಟಾ ಕೂರುತ್ತದೆ. ಹಿಂದಿನ ಕೇಪಿನ ಕೋವಿ ಮಾತ್ರ ಏಕೆ ಬೇಗ ಸಾಯಲಿಲ್ಲ ಎಂದರೆ, ಅದಕ್ಕೆ ಅಂಗಡಿಯ ತೋಟಾದ ಹಂಗೇ ಇರಲಿಲ್ಲ. ಮದ್ದು, ಸೀಸ, ಒಂದು ಕೇಪು, ಒಂದಿಷ್ಟು ತೆಂಗಿನ ನಾರು ಇದ್ದರೆ ಈಡು ಸಿದ್ಧ.

ಅಮೆರಿಕದಲ್ಲಿ ತೋಟಾ ಆರಿಸುವವನಿಗೆ ಕಾನೂನಿನ ಕಾಟ ಕಡಿಮೆ, ಕಂಪನಿಗಳ ಕಾಟ ಹೆಚ್ಚು. ಅಲ್ಲಿನ ಒಂದು ಪೈಪೋಟಿಯನ್ನು ಹತ್ತಿರದಿಂದ ನೋಡಬೇಕು. 1955ರಲ್ಲಿ ವಿಂಚೆಸ್ಟರ್ .243ನ್ನೂ ರೆಮಿಂಗ್ಟನ್ .244ನ್ನೂ ಒಟ್ಟಿಗೇ ಬಿಟ್ಟವು. ಎರಡರ ಗುಂಡಿನ ದಪ್ಪವೂ ಒಂದೇ, 6 ಮಿ.ಮೀ. ಮದ್ದು ಹಿಡಿಯುವುದರಲ್ಲಿ ರೆಮಿಂಗ್ಟನ್ನಿನದೇ ಒಂದು ಕೈ ಮೇಲು. ವ್ಯತ್ಯಾಸವಿದ್ದದ್ದು ನಳಿಗೆಯ ಒಳಗಿನ ತಿರುಪು ಗೆರೆಗಳಲ್ಲಿ. ಗುಂಡು ಬುಗುರಿಯಂತೆ ತಿರುಗುತ್ತ ಹೋದರೆ ಮಾತ್ರ ನೆಟ್ಟಗೆ ಹೋಗುತ್ತದೆ. ಉದ್ದ ಗುಂಡಿಗೆ ಹೆಚ್ಚು ತಿರುಗು ಬೇಕು. ವಿಂಚೆಸ್ಟರ್ 10 ಇಂಚಿಗೆ ಒಂದು ಸುತ್ತು ಕೊಟ್ಟಿತು, ಹಾಗಾಗಿ 100 ಗ್ರೇನಿನ ಗುಂಡಿನಲ್ಲಿ ಜಿಂಕೆಯನ್ನೂ ಹೊಡೆಯಬಹುದಿತ್ತು. ರೆಮಿಂಗ್ಟನ್ 12 ಇಂಚಿಗೆ ಒಂದು ಸುತ್ತು ಕೊಟ್ಟು ತನ್ನ ತೋಟಾ ಸಣ್ಣಪುಟ್ಟ ಪ್ರಾಣಿಗಳಿಗೆಂದು ಲೆಕ್ಕ ಹಾಕಿತು. ಒಂದೇ ರೈಫಲಿನಲ್ಲಿ ಎರಡೂ ಕೆಲಸ ಆಗಬೇಕೆನ್ನುವ ಗಿರಾಕಿ .243ರ ಕಡೆಗೆ ಹೋದ. ರೆಮಿಂಗ್ಟನ್ ತಪ್ಪು ತಿದ್ದಿಕೊಂಡು, ತಿರುಪನ್ನು 9 ಇಂಚಿಗೆ ಇಳಿಸಿ, 1963ರಲ್ಲಿ ಅದೇ ತೋಟಾವನ್ನು 6 ಮಿ.ಮೀ. ರೆಮಿಂಗ್ಟನ್ ಎಂಬ ಹೊಸ ಹೆಸರಿನಲ್ಲಿ ತಂದಿತು. ಅಷ್ಟರಲ್ಲಿ ಎಂಟು ವರ್ಷ ಕಳೆದಿತ್ತು, ಅಂಗಡಿಯ ಕಪಾಟು .243ರ ಪಾಲಾಗಿತ್ತು. ಇಂದು .243 ಎಲ್ಲ ಕಡೆ ಸಿಗುತ್ತದೆ, ಇನ್ನೊಂದನ್ನು ಹುಡುಕಬೇಕು.

ಎರಡನೆಯ ಆಕ್ಷೇಪ ಇತ್ತೀಚಿನದು, ಹೆಚ್ಚು ಬಲವಾದದ್ದು. ಅಮೆರಿಕದ ಹಾರ್ನಡಿ ಕಂಪನಿ 2007ರಲ್ಲಿ ತಂದ 6.5 ಕ್ರೀಡ್‌ಮೋರ್ ಹದಿನೈದೇ ವರ್ಷದಲ್ಲಿ ಹಳೆಯ ಘಟಾನುಘಟಿಗಳ ಪಕ್ಕದಲ್ಲಿ ಕೂತಿತಲ್ಲ, ಹೊಸದು ತನ್ನ ಗುಣದಿಂದಲೇ ಗೆದ್ದದ್ದಕ್ಕೆ ಇದು ಸಾಕ್ಷಿಯಲ್ಲವೇ ಎಂದು ಕೇಳಬಹುದು. ಗುಣ ಇದೆ, ಇಲ್ಲವೆನ್ನಲಾಗದು. ಉದ್ದನೆಯ, ಗಾಳಿಯನ್ನು ಸೀಳುವ ಗುಂಡು, ಅದಕ್ಕೆ ತಕ್ಕ 8 ಇಂಚಿನ ತಿರುಪು, ಹೆಗಲಿಗೆ ನೋವಾಗದ ಒದೆತ. ಆದರೆ ಅಂಥದೇ 6.5 ಮಿ.ಮೀ. ಗುಂಡನ್ನು ಹೆಚ್ಚುಕಡಿಮೆ ಅದೇ ವೇಗದಲ್ಲಿ ಸ್ವೀಡನ್ನಿನ 6.5×55 ತೋಟಾ 1894ರಿಂದ ಹೊಡೆಯುತ್ತ ಬಂದಿದೆ. ಸ್ಕ್ಯಾಂಡಿನೇವಿಯದ ಎಷ್ಟೋ ಮೂಸ್‌ಗಳು ಅದರಿಂದಲೇ ಬಿದ್ದಿವೆ. 1997ರ .260 ರೆಮಿಂಗ್ಟನ್ನಿನ ಶಕ್ತಿಯೂ ಅಷ್ಟೇ. ಹಾಗಾದರೆ ಕ್ರೀಡ್‌ಮೋರ್ ಮಾತ್ರ ಏಕೆ ಗೆದ್ದಿತು? ಹಾರ್ನಡಿ ಅದನ್ನು ಬಚ್ಚಿಡಲಿಲ್ಲ. ಮದ್ದು ಯಾವುದು, ಎಷ್ಟು ತುಂಬಬೇಕು ಎಂಬುದನ್ನು ಆರಂಭದ ಡಬ್ಬಿಗಳ ಮೇಲೆಯೇ ಅಚ್ಚು ಹಾಕಿಸಿತು. ಅಗ್ಗದ ರೈಫಲ್ ಮಾಡುವವರೂ ಸರಿಯಾದ ತಿರುಪು ಕೊಟ್ಟರು, ಬೇರೆ ಕಂಪನಿಗಳೂ ತೋಟಾ ತಯಾರಿಸಿದವು. ನೂರು ವರ್ಷ ಹಿಂದೆ ಲ್ಯಾಂಗ್ .470ಯಲ್ಲಿ ಮಾಡಿದ್ದನ್ನೇ ಇವರು ಇಲ್ಲಿ ಮಾಡಿದರು. ಇನ್ನೂ ಸ್ವಾರಸ್ಯದ ಮಾತೆಂದರೆ, ಕ್ರೀಡ್‌ಮೋರ್‌ನ ಕೊಳವೆ ಬಂದದ್ದು ಅದೇ ಕಾಲದಲ್ಲಿ ಅದೇ ಹಾರ್ನಡಿ ಮಾಡಿಕೊಟ್ಟ .30 ಟಿ.ಸಿ. ಎಂಬ ತೋಟಾದಿಂದ. ಅದೂ ಹೊಸದು, ಅದೂ ಆಧುನಿಕ. ಒಂದು ರೈಫಲ್ ಕಂಪನಿಯ ಹೆಸರು ಅಂಟಿಸಿಕೊಂಡು ಬಂದದ್ದಕ್ಕೆ ಬೇರೆಯವರು ಅದನ್ನು ಮುಟ್ಟಲಿಲ್ಲ. ಅದರ ಹೆಸರು ಇಂದು ಬೇಟೆಗಾರರಿಗೇ ನೆನಪಿಲ್ಲ.

ಕೊನೆಗೆ ಉಳಿಯುವುದು ಇನ್ನೊಂದು ದಿಕ್ಕಿನ ಆಕ್ಷೇಪ: ಹೀಗೆ ಹಳೆಯದನ್ನು ಎತ್ತಿಹಿಡಿಯುವುದು ಬರೀ ಹಳೆಯ ಕಾಲದ ಮೋಹ, ಉಳಿದದ್ದನ್ನು ನೋಡಿ ಅದೇ ಉತ್ತಮ ಎನ್ನುವ ಸೋಮಾರಿತನ ಎಂದು. ಮೇಲಿನ ಉದಾಹರಣೆಗಳಲ್ಲೇ ಇದಕ್ಕೆ ಉತ್ತರವಿದೆ. .315 ಉಳಿದದ್ದು ಉತ್ತಮವೆಂದಲ್ಲ, .405 ಅಳಿದದ್ದು ಕೆಟ್ಟದೆಂದಲ್ಲ. ಉಳಿದದ್ದಕ್ಕೆ ಗುಣದ ಕಿರೀಟ ತೊಡಿಸಲು ನಾನು ಹೊರಟಿಲ್ಲ. ಉಳಿವು ಹೇಳುವುದು ಎರಡೇ ಸಂಗತಿ: ತೋಟಾ ನಾಳೆಯೂ ಸಿಗುತ್ತದೆ, ಅದು ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಬೇಟೆಯಲ್ಲಿ ಪ್ರಾಣಿ ನರಳದೆ ಬೀಳುವುದು ಗುಂಡು ಸರಿಯಾದ ಜಾಗಕ್ಕೆ ಬಿದ್ದಾಗ. ಸರಿಯಾದ ಜಾಗಕ್ಕೆ ಬೀಳಬೇಕಾದರೆ ಹೊಡೆಯುವವನು ವರ್ಷವಿಡೀ ಅಭ್ಯಾಸ ಮಾಡಿರಬೇಕು. ಅಭ್ಯಾಸಕ್ಕೆ ತೋಟಾ ಧಾರಾಳವಾಗಿ, ಕೈಗೆಟಕುವ ಬೆಲೆಗೆ ಸಿಗಬೇಕು. ಅಪರೂಪದ, ದುಬಾರಿ ತೋಟಾದ ಒಡೆಯ ಡಬ್ಬಿ ಉಳಿಸಿಕೊಳ್ಳುತ್ತಾನೆ, ಗುರಿ ಕಳೆದುಕೊಳ್ಳುತ್ತಾನೆ. ಇನ್ನೂರು ಗಜದೊಳಗಿನ ಜಿಂಕೆಗೆ 1906ರ .30-06, 1925ರ .270, 1952ರ .308, ಇವುಗಳಲ್ಲಿ ಸಾಲದೆ ಹೋಗುವಂಥದ್ದು ಯಾವುದೂ ಇಲ್ಲ. ಅವುಗಳಿಗೆ ಆಮೇಲೆ ಬಂದ ನಿಜವಾದ ಸುಧಾರಣೆ ಗುಂಡಿನದು. 1940ರ ದಶಕದ ಕೊನೆಗೆ ಜಾನ್ ನಾಸ್ಲರ್ ಮಾರಾಟಕ್ಕಿಟ್ಟ, ನಡುವೆ ಗೋಡೆಯಿರುವ ಪಾರ್ಟಿಷನ್ ಗುಂಡಿನಂಥದ್ದು. ಅದನ್ನು ಹಳೆಯ ತೋಟಾಕ್ಕೂ ಹಾಕಬಹುದು. ಹೊಸತನ ಬೇಕಾದವರು ಅದನ್ನು ಕೊಳವೆಯ ಆಕಾರದಲ್ಲಿ ಹುಡುಕುವುದಕ್ಕಿಂತ ಗುಂಡಿನಲ್ಲಿ ಹುಡುಕುವುದು ಮೇಲು.

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಶಿಕಾರಿಗೆ ಕಡಿವಾಣ ಹಾಕಿತು, 1991ರ ತಿದ್ದುಪಡಿ ಬೇಟೆಯ ಪರವಾನಗಿಯನ್ನೇ ತೆಗೆದುಹಾಕಿತು. ಆ ಮಟ್ಟಿಗೆ ಈ ಚರ್ಚೆ ಇಲ್ಲಿ ಮುಗಿದಿದೆ, ಮುಗಿದದ್ದು ಒಳ್ಳೆಯದೇ ಆಯಿತು. ಅಮೆರಿಕ, ಕೆನಡಾ, ಆಸ್ಟ್ರೇಲಿಯಾಗಳಲ್ಲಿ ನೆಲೆಸಿ ಅಲ್ಲಿನ ಕಾನೂನಿನಂತೆ ಮೊದಲ ಬೇಟೆ ರೈಫಲ್ ಕೊಳ್ಳಲು ಹೊರಟ ಕನ್ನಡಿಗರು ಯಾರಾದರೂ ಇದನ್ನು ಓದುತ್ತಿದ್ದರೆ, ವೇಗದ ಕೋಷ್ಟಕ ನೋಡುವ ಮೊದಲು ನಿಮ್ಮೂರಿನ ಎರಡು ಮೂರು ಅಂಗಡಿಗಳಿಗೆ ಹೋಗಿ ಕಪಾಟು ನೋಡಿ. ಬೇರೆ ಬೇರೆ ಮೂರು ಕಂಪನಿಗಳ ಡಬ್ಬಿ ಕಾಣಿಸಿದರೆ ಆ ತೋಟಾ 1906ರದ್ದಾದರೂ ಸರಿ, 2007ರದ್ದಾದರೂ ಸರಿ, ಕೊಳ್ಳಿ. ಒಂದೇ ಕಂಪನಿಯದು ಕಂಡರೆ ಹತ್ತು ವರ್ಷ ಕಾಯಿರಿ.